ನಿಮ್ಮ ಫೈಲಿಗೆ ವೈರಸ್ ಹೊಡೆದಿಲ್ಲ

ಪ್ರಶ್ನೆ: ಸರ್, ನಮ್ಮ ತಂದೆ ಮೇಷ್ಟ್ರಾಗಿದ್ದರು. 2004ರ ಸುಮಾರಿಗೆ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಅವರ ಕಥೆಗಳ ವರ್ಡ್ ಫೈಲುಗಳು ಒಂದು ಸಿಡಿಯಲ್ಲಿ ಸಿಕ್ಕಿವೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಕನ್ನಡವೇ ಇಲ್ಲ. ಬರೀ ಪೌಂಡ್ ಗುರುತು, ತಲೆ ಮೇಲೆ ಗೀಟು ಇರುವ ಇಂಗ್ಲಿಷ್ ಅಕ್ಷರಗಳು. ಅಂಗಡಿಯವರು ವೈರಸ್ ಹೊಡೆದಿದೆ, ರಿಕವರಿಗೆ ಎಂಟು ಸಾವಿರ ಆಗುತ್ತೆ ಅಂದರು. ಕೊಡಬಹುದಾ? (ಓದುಗರು, ಸಾಗರ)

ಒಂದು ರೂಪಾಯಿಯನ್ನೂ ಕೊಡಬೇಡಿ. ಈ ಪ್ರಶ್ನೆ ನನಗೆ ತಿಂಗಳಿಗೆ ಎರಡು ಸಲವಾದರೂ ಬರುತ್ತದೆ, ಪ್ರತಿ ಸಲವೂ ಅದರ ಹಿಂದೆ ಒಬ್ಬ ‘ರಿಕವರಿ’ಯವನು ಇರುತ್ತಾನೆ. ಫೈಲಿಗೆ ಏನೂ ಆಗಿಲ್ಲ. ನಿಮ್ಮ ತಂದೆ ಸೇವ್ ಮಾಡಿದ ದಿನ ಹೇಗಿತ್ತೋ ಹಾಗೇ ಇದೆ.

ಅಂದಿನ ನುಡಿ ಫಾಂಟುಗಳಲ್ಲಿ ಟೈಪ್ ಮಾಡಿದಾಗ ಫೈಲಿನೊಳಗೆ ಕನ್ನಡ ಇರುತ್ತಲೇ ಇರಲಿಲ್ಲ. ‘ಕನ್ನಡ’ ಅಂತ ಒತ್ತಿದರೆ ಒಳಗೆ ಕೂರುತ್ತಿದ್ದದ್ದು ಇದು: ದೊಡ್ಡ ಪಿ, ಗೀಟಿನ ಎ, ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ನರದೊಂದು ಅಕ್ಷರ, ಸಣ್ಣ ಕ್ಯೂ, ಮತ್ತೊಂದು ಗೀಟಿನ ಎ. ಆ ಗೀಟಿನ ಎ ನಮ್ಮ ತಲೆಕಟ್ಟು. ಜರ್ಮನ್ ಅಕ್ಷರ ‘ನ’ದ ಒತ್ತು. ಇವನ್ನು ಕನ್ನಡದ ಚಿತ್ರ ಮಾಡಿ ತೋರಿಸುತ್ತಿದ್ದದ್ದು ಫಾಂಟು. ಫಾಂಟು ಹೋಯಿತು, ವೇಷ ಕಳಚಿತು, ಅಷ್ಟೇ. ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಹಾಗಲ್ಲ. ಅಲ್ಲಿ 3221 ಅಂದರೆ ‘ಕ’, ಯಾವ ಫಾಂಟಿದ್ದರೂ, ಯಾವ ಫೋನಿನಲ್ಲಿ ತೆರೆದರೂ.

ನುಡಿ ಮಾಡಿದವರನ್ನು ಬೈಯಬೇಡಿ. ವಿಂಡೋಸ್‌ಗೆ ಸರಿಯಾಗಿ ಕನ್ನಡ ಬಂದದ್ದೇ 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನ ಜೊತೆ. ಅದಕ್ಕೂ ಮುಂಚೆ ಕನ್ನಡ ಮೂಡಿಸಲು ಬೇರೆ ದಾರಿ ಇರಲಿಲ್ಲ. ನನ್ನ ತಕರಾರು ಬೇರೆ. ನುಡಿಗೆ ಯಾರೂ ಕಾಸು ಕೊಡಬೇಕಿರಲಿಲ್ಲ, ಆದರೂ ನಿಮ್ಮ ತಂದೆಯ ಕಥೆ ಒಂದು ಫಾಂಟಿನ ಹಂಗಿನಲ್ಲೇ ಉಳಿಯಿತು. ಬಿಟ್ಟಿ ಸಿಗುವುದು ಬೇರೆ, ಸ್ವತಂತ್ರ ತಂತ್ರಾಂಶ ಬೇರೆ. ಸ್ವತಂತ್ರ ಅಂದರೆ ಬೇಕಾದಂತೆ ಬಳಸುವ, ಒಳಗಿನ ಕೋಡ್ ನೋಡಿ ತಿದ್ದುವ, ಹಂಚುವ, ತಿದ್ದಿದ್ದನ್ನೂ ಹಂಚುವ ಸ್ವಾತಂತ್ರ್ಯ ಇರುವಂಥದ್ದು. ಯಾವುದೇ ತಂತ್ರಾಂಶ ಹಾಕಿಕೊಳ್ಳುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: ನಾಳೆ ಇದನ್ನು ಬಿಟ್ಟು ಹೊರಟರೆ ನನ್ನ ಗಂಟು ನನ್ನ ಜೊತೆ ಬರುತ್ತಾ?

ಕಾಸು ಕೊಟ್ಟೂ ನಾನು ಇದರಲ್ಲಿ ಸಿಕ್ಕಿಕೊಂಡಿದ್ದೇನೆ. ಒಂದು ಕಾಲದಲ್ಲಿ ನನ್ನ ಟೈಪಿಂಗ್ ಪ್ಯಾಕೇಜಿಗೆ ಬೆಂಕಿಪೊಟ್ಟಣದಷ್ಟು ಒಂದು ‘ಲಾಕ್’ ಇತ್ತು. ಕಂಪ್ಯೂಟರಿನ ಹಿಂದೆ ಪ್ರಿಂಟರ್ ಪೋರ್ಟಿಗೆ ಚುಚ್ಚಿದರೆ ಮಾತ್ರ ಪ್ಯಾಕೇಜ್ ತೆರೆಯುತ್ತಿತ್ತು. ಒಂದು ದಿನ ಅದರ ಪಿನ್ನು ಮುರಿಯಿತು. ಫೋನ್ ಮಾಡಿದರೆ, ಹೊಸ ಆವೃತ್ತಿ ಕೊಳ್ಳಿ ಅಂದರು. 140 ಪುಟ ಹಳೇ ಪ್ರಿಂಟ್ ನೋಡಿಕೊಂಡು ಮತ್ತೆ ಟೈಪ್ ಮಾಡಿದೆ. ಅಂದಿನಿಂದ ಈ ವಿಷಯ ಬಂದರೆ ನನ್ನ ದನಿ ಸ್ವಲ್ಪ ಏರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಈಗ ನಿಮ್ಮ ಕೆಲಸ. ಮೊದಲು ಸಿಡಿಯನ್ನು ಎರಡು ಕಡೆ ಕಾಪಿ ಮಾಡಿ, ಹಳೇ ಸಿಡಿಗಳು ನಂಬಿಕಸ್ಥರಲ್ಲ. ಹಳೇ ನುಡಿ ಫಾಂಟ್ ಹಾಕಿಕೊಂಡು ಫೈಲ್ ತೆರೆದರೆ ಕನ್ನಡ ಎದ್ದು ಬರುತ್ತದೆ. ಅದನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ, ಆಮೇಲೆ ತಾಳೆ ನೋಡಲು ಬೇಕು. ನಂತರ ಆಸ್ಕಿಯಿಂದ (ಈ ಹಳೇ ಫಾಂಟಿನ ಬರಹಕ್ಕೆ ರೂಢಿಯ ಹೆಸರು) ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಬಳಸಿ. ಕೋಡ್ ತೆರೆದಿಟ್ಟಿರುವಂಥವು ಕನ್ನಡದಲ್ಲೇ ಇವೆ, ಕಾಸಿಲ್ಲ. ಅಚ್ಚಾಗದ ಕಥೆಗಳನ್ನು ಊರು ಹೆಸರು ಗೊತ್ತಿಲ್ಲದ ಸೈಟಿಗೆ ಮಾತ್ರ ಏರಿಸಬೇಡಿ.

ಪರಿವರ್ತಕ ಎಡವುವ ಜಾಗಗಳು ನನಗೆ ಬಾಯಿಪಾಠ. ಅರ್ಕಾವತ್ತು ಹಳೇ ಫೈಲಿನಲ್ಲಿ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರಬೇಕು. ಹಾಗಾಗಿ ‘ಕರ್ಣ’, ‘ಸೂರ್ಯ’ ಇರುವ ಸಾಲುಗಳನ್ನು ಕಣ್ಣಿಟ್ಟು ನೋಡಿ. ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗಿರಬಹುದು. ನಡುನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡ ಅಂದುಕೊಂಡು ಚಿತ್ರಾನ್ನ ಮಾಡುತ್ತದೆ. ಆ ಪದಗಳನ್ನು ಮೊದಲೇ ಗುರುತು ಮಾಡಿಟ್ಟು ಆಮೇಲೆ ಕೈಯಲ್ಲಿ ಹಾಕಿ. ಕಥೆಗಳು ಪುಟ ವಿನ್ಯಾಸದ ಹಳೇ ತಂತ್ರಾಂಶ ಪೇಜ್‌ಮೇಕರ್‌ನಲ್ಲೂ ಇವೆಯಾ? 2015ರ 4.4 ಆವೃತ್ತಿಯಿಂದ ಲಿಬ್ರೆಆಫೀಸ್ (ವರ್ಡ್‌ನಂಥ ಕೆಲಸಕ್ಕಿರುವ ಸ್ವತಂತ್ರ ತಂತ್ರಾಂಶ) ಆ ಫೈಲುಗಳನ್ನು ತೆರೆಯುತ್ತದೆ. ಪುಟದ ಅಂದ ಕೆಡಬಹುದು. ನಿಮಗೆ ಬೇಕಾದದ್ದು ಅಕ್ಷರ ತಾನೇ?

ಕೊನೆಗೆ ಓಡಿಟಿಯಾಗಿ, ಅಂದರೆ ಲಿಬ್ರೆಆಫೀಸ್ ಬಳಸುವ ತೆರೆದ ಫೈಲ್ ಮಾದರಿಯಲ್ಲಿ, ಸೇವ್ ಮಾಡಿ. ಹಳೇ ಫೈಲನ್ನು ಅಳಿಸಬೇಡಿ, ಎಲ್ಲಾ ಮುಗಿದ ಮೇಲೂ.

ಪ್ರಶ್ನೆ: ಫ್ರೀ ಸಾಫ್ಟ್‌ವೇರ್ ಅಂದರೆ ಕ್ರ್ಯಾಕ್ ಮಾಡಿದ್ದು ತಾನೇ?

ಅಲ್ಲ. ಕ್ರ್ಯಾಕ್ ಮಾಡಿದ್ದು ಕದ್ದ ಮಾಲು, ಜೊತೆಗೆ ಮಾಲ್‌ವೇರ್ ಉಚಿತ.

ಪ್ರಶ್ನೆ: ಕೋಡ್ ಎಲ್ಲರಿಗೂ ಕಾಣುತ್ತದೆ ಅಂದರೆ ಕಳ್ಳರಿಗೂ ಸುಲಭ ಅಲ್ವಾ?

ಮುಚ್ಚಿಟ್ಟ ಕೋಡಿಗೂ ಕಳ್ಳರು ದಿನಾ ನುಗ್ಗುತ್ತಿದ್ದಾರೆ. ಹಾಗಂತ ತೆರೆದ ಕೋಡನ್ನು ಯಾರೋ ನೋಡಿಯೇ ಇರುತ್ತಾರೆ ಅಂತ ಸುಮ್ನೆ ಕೂರುವುದೂ ತಪ್ಪು. ತೆರೆದ ಕೋಡಿನ ಓಪನ್‌ಎಸ್‌ಎಸ್‌ಎಲ್ ಎಂಬ ಭದ್ರತಾ ತಂತ್ರಾಂಶದಲ್ಲಿ 2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ ಎಲ್ಲರ ಕಣ್ಣೆದುರೇ ಎರಡು ವರ್ಷ ಇತ್ತು.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಿಡಿಸಲ್ಲ ಅಂತ ಬರುತ್ತಿದೆ. ಗುಜರಿಗೆ ಹಾಕಲೇ?

ಯಾಕೆ? ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿಮ್ಮ ಯಂತ್ರದ ಆಯಸ್ಸಲ್ಲ. ಪೆನ್‌ಡ್ರೈವ್‌ನಿಂದ ವಿಂಡೋಸ್ ಜಾಗದಲ್ಲಿ ಕೂರುವ ಲಿನಕ್ಸ್ ಮಿಂಟ್ ಓಡಿಸಿ ನೋಡಿ, ಇನ್‌ಸ್ಟಾಲ್ ಬೇಡ. ವೈಫೈ, ಸೌಂಡು, ಪ್ರಿಂಟರ್ ಸರಿಯಾಗಿದ್ದರೆ ಮುಂದುವರಿಯಿರಿ. ವಿಂಡೋಸ್‌ಗೆಂದೇ ಮಾಡಿದ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯೇ ನಿಮ್ಮ ಹೊಟ್ಟೆಪಾಡಾಗಿದ್ದರೆ ಮಾತ್ರ ಆತುರ ಬೇಡ, ಮೊದಲು ನಿಮ್ಮ ಆಡಿಟರ್ ಹತ್ತಿರ ಮಾತಾಡಿ.