ಬಾಯಿ ತೆರೆದರೆ ಕಿವಿ ಹತ್ತಿರ ಟಕ್ ಅನ್ನುತ್ತೆ, ಬೆಳಿಗ್ಗೆ ದವಡೆ ನೋವು. ಹಲ್ಲು ತೇಯಿಸಿ ಕ್ಯಾಪ್ ಹಾಕಿಸಬೇಕಾ?

ನಿಮ್ಮ ಪ್ರಶ್ನೆ ನೋಡಿ ನನ್ನ ಹಳೇ ಫೈಲ್ ಯಾರೋ ತೆಗೆದು ಓದಿದ ಹಾಗಾಯಿತು. ಎಡಗಿವಿ ಮುಂದೆ ಟಕ್ ಅನ್ನುವ ಸದ್ದು, ಎದ್ದ ತಕ್ಷಣ ಕೆನ್ನೆ ಬಿಗಿ, ಕಣತಲೆ ನೋವು. ಕಿವಿ ಡಾಕ್ಟರು ನೋಡಿ ಕಿವಿ ಚೆನ್ನಾಗಿದೆ ಅಂದರು, ಹಲ್ಲಿನ ಡಾಕ್ಟರು ನಾಲ್ಕು ಹಲ್ಲು ತೇದು ಕ್ಯಾಪ್ ಹಾಕಿದರೆ ಕಚ್ಚು, ಅಂದರೆ ಮೇಲಿನ ಕೆಳಗಿನ ಹಲ್ಲು ಕೂಡುವ ರೀತಿ, ಸರಿಹೋಗುತ್ತೆ ಅಂದರು, ಮಾಡಿಸಲಾ, ಇಲ್ಲಾ ಬೇರೆ ಯಾರನ್ನು ನೋಡಲಿ ಅಂತ ಕೇಳಿದ್ದೀರಿ. ಈಗಲೇ ಬೇಡ. ತೇದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಅದಕ್ಕಿಂತ ಮೊದಲು ಮಾಡಬಹುದಾದದ್ದು ಬೇಕಾದಷ್ಟಿದೆ.

ನಾನು ಡಾಕ್ಟರಲ್ಲ. ಮಂಡ್ಯದಿಂದ ಮೈಸೂರಿಗೆ ದಿನಾ ರೈಲಲ್ಲಿ ಹೋಗಿ ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವವನು. ಈ ನೋವಿನ ಜೊತೆ ಎರಡು ವರ್ಷ ಏಗಿದ್ದೇನೆ, ಅಷ್ಟೇ ನನ್ನ ಅರ್ಹತೆ.

ನನ್ನದೂ ಕಿವಿಯಿಂದಲೇ ಶುರುವಾಗಿದ್ದು. ಮೂರು ಬಾಟಲಿ ಡ್ರಾಪ್ಸ್ ಖಾಲಿಯಾಯಿತು. ಆಮೇಲೆ ಒಂದು ಕ್ಲಿನಿಕ್‌ನಲ್ಲಿ ಬುದ್ಧಿಹಲ್ಲಿನದೇ ತೊಂದರೆ ಅಂತ ಅದನ್ನು ಕಿತ್ತರು. ಹಲ್ಲು ಹೋಯಿತು, ನೋವು ಹೋಗಲಿಲ್ಲ. "ಹಲ್ಲು ಹೋದ ಮೇಲಾದ್ರೂ ಬುದ್ಧಿ ಬರಬೇಕಿತ್ತು" ಅಂತ ನನ್ನ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ. ರಾತ್ರಿ ನಾನು ಹಲ್ಲು ಕಡಿಯುವ ಸದ್ದಿಗೆ ಅವಳಿಗೆ ಎಚ್ಚರವಾಗುತ್ತಿತ್ತಂತೆ. ಅವ್ವ ಕೇಳಿದವಳೇ, "ಹೊಟ್ಟೇಲಿ ಹುಳ ಇರ್ಬೇಕು ಕಣ್ಲಾ, ಒಂದ್ ಮಾತ್ರೆ ನುಂಗು" ಅಂದಳು. ಅದನ್ನೂ ನುಂಗಿದೆ.

ಜುಲೈ ಕೊನೆ, ರಿಟರ್ನ್ಸ್ ಹಾಕುವ ಗಡಿಬಿಡಿ. ಒಂದು ಬೆಳಿಗ್ಗೆ ಬಾಯಿ ಒಂದೂವರೆ ಬೆರಳಿಗಿಂತ ಜಾಸ್ತಿ ತೆರೆಯಲೇ ಇಲ್ಲ. ಇಡ್ಲಿ ಚೂರು ಮಾಡಿ ಬೆರಳಲ್ಲಿ ಒಳಗೆ ತಳ್ಳಿದೆ. ಅವತ್ತು ರಜೆ ಹಾಕಿ ಮೈಸೂರಿನ ಒಂದು ಡೆಂಟಲ್ ಕಾಲೇಜಿಗೆ ಹೋದೆ. ನೀವು ಯಾರನ್ನು ನೋಡಬೇಕು ಅಂತ ಕೇಳಿದ್ದೀರಲ್ಲ, ಉತ್ತರ ಇದೇ: ಡೆಂಟಲ್ ಕಾಲೇಜಿನ ಓಪಿಡಿಯಲ್ಲಿ ಓರಲ್ ಮೆಡಿಸಿನ್, ಅಂದರೆ ಬಾಯಿ ದವಡೆ ಕಾಯಿಲೆ ನೋಡುವ ವಿಭಾಗ. ಹಲ್ಲು ಕೀಳುವ ಕೌಂಟರಿಗೆ ಚೀಟಿ ಮಾಡಿಸಬೇಡಿ.

ಅಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಎರಡೂ ಕಿವಿ ಮುಂದೆ ಬೆರಳಿಟ್ಟು ಬಾಯಿ ತೆಗೆದು ಮುಚ್ಚಲು ಹೇಳಿದರು. ಸ್ಕೇಲ್ ಇಟ್ಟು ಅಳೆದರು. 26 ಮಿಲಿಮೀಟರ್. ಸಾಮಾನ್ಯವಾಗಿ 40ರ ಮೇಲಿರಬೇಕು, ಅಂದರೆ ನಿಮ್ಮದೇ ಮೂರು ಬೆರಳು ನಿಲ್ಲಿಸಿದರೆ ಹಿಡಿಸಬೇಕು. ಆಮೇಲೆ ಕೇಳಿದರು: "ಈಗ, ಸುಮ್ನೆ ಕೂತಿದ್ದೀರಲ್ಲ, ಮೇಲಿನ ಹಲ್ಲು ಕೆಳಗಿನ ಹಲ್ಲು ತಾಗಿದೆಯಾ?"

ತಾಗಿದ್ದವು. ತಾಗಿರಬಾರದು ಅಂತಲೇ ನನಗೆ ಗೊತ್ತಿರಲಿಲ್ಲ! ಬಾಯಿ ಮುಚ್ಚುವುದು ಅಂದರೆ ಹಲ್ಲು ಮುಚ್ಚುವುದು ಅಂತಲೇ ನಲವತ್ತು ವರ್ಷ ಬದುಕಿದ್ದೆ. ಅಗಿಯುವಾಗ, ನುಂಗುವಾಗ ಬಿಟ್ಟರೆ ಹಲ್ಲುಗಳ ನಡುವೆ ಸಣ್ಣ ಸಂದು ಇರಬೇಕು, ತುಟಿ ಮಾತ್ರ ಮುಚ್ಚಿರಬೇಕು. ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಕಂಪ್ಯೂಟರ್ ಮುಂದೆ ಕಚ್ಚಿ ಹಿಡಿದು, ರಾತ್ರಿ ಕಡಿದು, ದವಡೆಗೆ ಎರಡು ಶಿಫ್ಟ್ ಕೆಲಸ ಕೊಟ್ಟಿದ್ದೆ. ಅವುಡುಗಚ್ಚಿ ಕೆಲಸ ಮಾಡುವುದು ಅಂತ ನಮ್ಮಲ್ಲಿ ಮೆಚ್ಚಿಗೆಯಿಂದಲೇ ಹೇಳುತ್ತಾರೆ ನೋಡಿ.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ನೋಡಿ. ಒಂದು ಗುಂಡು ಉರುಳಿ ಮುಂದಕ್ಕೆ ಜಾರಿದ ಹಾಗೆ ಆಗುತ್ತಲ್ಲ, ಅದೇ ದವಡೆ ಕೀಲು. ಡಾಕ್ಟರುಗಳು ಟಿಎಂಜೆ ಅನ್ನುತ್ತಾರೆ. ಬಾಯಿ ಸ್ವಲ್ಪ ತೆರೆಯುವಾಗ ಅದು ಬಾಗಿಲಿನ ಹಾಗೆ ತಿರುಗುತ್ತದೆ, ಜಾಸ್ತಿ ತೆರೆದಾಗ ಡ್ರಾಯರ್ ಹಾಗೆ ಮುಂದಕ್ಕೆ ಬರುತ್ತದೆ. ಎರಡು ಮೂಳೆ ನಡುವೆ ರಬ್ಬರ್ ಬುಷ್ ಥರ ಒಂದು ತೆಳು ಮೆತ್ತೆ ಇದೆ. ಆ ಮೆತ್ತೆ ಮುಂದಕ್ಕೆ ಸರಿದಿದ್ದರೆ, ಮೂಳೆಯ ತಲೆ ಅದರ ಮೇಲೆ ಹತ್ತುವಾಗ ಟಕ್ ಅನ್ನುತ್ತದೆ. ಹತ್ತಲಾಗದೇ ಹೋದರೆ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ನನಗಾಗಿದ್ದು ಅದು. ನೋವಿಲ್ಲದ ಬರೀ ಟಕ್ ಎಷ್ಟೋ ಜನಕ್ಕೆ ಇರುತ್ತದೆ, ಅದಕ್ಕೆ ಔಷಧಿ ಬೇಕಿಲ್ಲ. ಇನ್ನು ಕಿವಿನೋವು ಯಾಕೆ ಅಂದರೆ, ಕೀಲು ಕಿವಿಗೆ ಅಂಟಿಕೊಂಡೇ ಇದೆ, ಎರಡಕ್ಕೂ ಒಂದೇ ನರದ ಕವಲು ಹೋಗುತ್ತದೆ. ಮನೆ ಪಕ್ಕದ್ದು, ಸದ್ದು ನಮ್ಮ ಮನೆಯಲ್ಲಿ ಕೇಳಿಸುತ್ತದೆ.

ಚಿಕಿತ್ಸೆ ಅಂತ ನನಗೆ ಕೊಟ್ಟಿದ್ದು ನಗು ಬರುವಷ್ಟು ಸಾದಾ. ನಾಲಿಗೆ ತುದಿ ಮೇಲಿನ ಹಲ್ಲಿನ ಹಿಂದೆ ಅಂಗುಳಕ್ಕೆ, ಹಲ್ಲು ಬಿಡಿ, ತುಟಿ ಮುಚ್ಚಿ. "'ನ' ಅಂದು ನಾಲಿಗೆ ಅಲ್ಲೇ ಬಿಟ್ಟುಬಿಡಿ" ಅಂದರು. ನೆನಪಿಗೆ ನಾನು ರೈಲು ಸ್ಟೇಷನ್‌ಗಳನ್ನೇ ಇಟ್ಟುಕೊಂಡೆ. ಯಲಿಯೂರು, ಬ್ಯಾಡರಹಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ. ಪ್ಯಾಸೆಂಜರ್ ನಿಂತಾಗಲೆಲ್ಲ ಹಲ್ಲು ಎಲ್ಲಿದೆ ಅಂತ ನೋಡಿಕೊಳ್ಳುವುದು. ನಾಗನಹಳ್ಳಿ ಬರುವಷ್ಟರಲ್ಲಿ ಆಫೀಸು ನೆನಪಾಗಿ ಮತ್ತೆ ಕಚ್ಚಿರುತ್ತಿದ್ದೆ. ಮಾನಿಟರ್ ಮೂಲೆಗೆ ಒಂದು ಕೆಂಪು ಸ್ಟಿಕರ್ ಅಂಟಿಸಿದ್ದೆ. ಎರಡು ವಾರಕ್ಕೇ ಕಣತಲೆ ನೋವು ಅರ್ಧ ಇಳಿಯಿತು.

ಒದ್ದೆ ಬಿಸಿ ಟವೆಲ್ ಕೆನ್ನೆಗೆ ದಿನಕ್ಕೆರಡು ಸಲ 15 ನಿಮಿಷ. ಕೆಲವು ದಿನ ಐಬುಪ್ರೊಫೆನ್ ಕೊಟ್ಟರು. ಗ್ಯಾಸ್ಟ್ರಿಕ್, ಬಿಪಿ, ಕಿಡ್ನಿ ತೊಂದರೆ ಇದ್ದರೆ ಅದನ್ನು ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಬೇಡಿ. ಕನ್ನಡಿ ಮುಂದೆ ನಾಲಿಗೆ ಅಂಗುಳಕ್ಕಿಟ್ಟು, ಗದ್ದ ಒಂದು ಕಡೆ ವಾಲದಂತೆ ನಿಧಾನ ಬಾಯಿ ತೆರೆಯುವ ವ್ಯಾಯಾಮ, ಆರಾರು ಬಾರಿ, ದಿನಕ್ಕೆ ಆರು ಸಲ. ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ.

ಊಟದ ವಿಷಯದಲ್ಲಿ ಮಂಡ್ಯದವರು ಪುಣ್ಯವಂತರು. ಮೆತ್ತಗಿನದು, ಅಗಿಯದೇ ಇರುವಂಥದ್ದು ತಿನ್ನಿ ಅಂತ ಡಾಕ್ಟರಮ್ಮ ಒಂದು ಪಟ್ಟಿ ಹೇಳಲು ಹೊರಟರು, "ಮುದ್ದೆ ಆಗುತ್ತಾ ಮೇಡಂ?" ಅಂದೆ. ಅವರು ನಕ್ಕುಬಿಟ್ಟರು. ಮುದ್ದೆ ಅಗಿದು ತಿನ್ನುವವನನ್ನು ನಮ್ಮ ಕಡೆ ಮೇಲಿಂದ ಕೆಳಗೆ ನೋಡುತ್ತಾರೆ. ಒಂದು ತಿಂಗಳು ಮುದ್ದೆ, ಮೊಸೊಪ್ಪಿನ ಸಾರು, ಮೊಸರನ್ನ. ನಾಟಿ ಕೋಳಿ, ಚಕ್ಕುಲಿ, ಹುರಿಗಡಲೆ, ಚೂಯಿಂಗ್ ಗಮ್ ಬಂದ್. ಹಲ್ಲಲ್ಲಿ ಕಬ್ಬು ಸಿಗಿಯುವುದಂತೂ ಕೇಳಲೇಬೇಡಿ.

ರಾತ್ರಿಗೆ ಸ್ಪ್ಲಿಂಟ್ ಮಾಡಿಕೊಟ್ಟರು. ನಿಮ್ಮ ಹಲ್ಲಿನ ಅಚ್ಚು ತೆಗೆದು ಮಾಡುವ ಗಟ್ಟಿ ಅಕ್ರಿಲಿಕ್ ತಟ್ಟೆ. ಅದು ಹಲ್ಲು ಕಡಿಯುವುದನ್ನು ನಿಲ್ಲಿಸುವುದಿಲ್ಲ, ಏಟು ಹಲ್ಲಿಗೆ ಬೀಳದಂತೆ ತಡೆಯುತ್ತದೆ, ಭಾರ ಹಂಚುತ್ತದೆ. ಎಲ್ಲರಿಗೂ ಕೆಲಸ ಮಾಡುತ್ತದೆ ಅಂತಲೂ ಇಲ್ಲ. ಆನ್‌ಲೈನ್‌ನಲ್ಲಿ ಸಿಗುವ, ಮುಂದಿನ ನಾಲ್ಕು ಹಲ್ಲು ಮಾತ್ರ ಮುಚ್ಚುವ ರಬ್ಬರ್‌ಗಳ ಸಹವಾಸ ಬೇಡ. ಡಾಕ್ಟರ್ ಕಣ್ಗಾವಲಿಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಕಚ್ಚೇ ಬದಲಾಗಬಹುದು. ಅಂದಹಾಗೆ ಡಿಪ್ರೆಶನ್‌ಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹಲ್ಲು ಕಡಿಯುವುದು ಜಾಸ್ತಿಯಾಗುತ್ತದೆ. ಅಂಥದ್ದು ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ. ನೀವೇ ನಿಲ್ಲಿಸಬೇಡಿ.

ಕಚ್ಚು ಸರಿಮಾಡಿದರೆ ನೋವು ಹೋಗುತ್ತೆ ಅನ್ನುವುದು ಹಳೇ ನಂಬಿಕೆ. 1934ರಲ್ಲಿ ಅಮೆರಿಕದ ಕಿವಿ ಡಾಕ್ಟರು ಜೇಮ್ಸ್ ಕಾಸ್ಟನ್, ದವಡೆ ಹಲ್ಲು ಉದುರಿ ಕಚ್ಚು ಕುಸಿದಿದ್ದಕ್ಕೇ ಈ ಕಿವಿನೋವು ತಲೆನೋವು ಅಂತ ಬರೆದರು. ಅವರು ಹೇಳಿದ ಕಾರಣ ಸರಿಯಲ್ಲ ಅಂತ ಆಮೇಲೆ ಗೊತ್ತಾಯಿತು, ಹಲ್ಲು ತೇಯುವ ಅಭ್ಯಾಸ ಮಾತ್ರ ಉಳಿದುಕೊಂಡಿತು. ಆಪರೇಷನ್ ಕಥೆ ಇನ್ನೂ ಕೆಟ್ಟದ್ದು. 1980ರ ದಶಕದಲ್ಲಿ ಅಲ್ಲಿ ಟೆಫ್ಲಾನ್ ಬೆರೆತ ಕೃತಕ ಮೆತ್ತೆಗಳನ್ನು ಕೀಲಿಗೆ ಕೂರಿಸಿದರು. ಅವು ಒಳಗೇ ಪುಡಿಯಾಗಿ ಮೂಳೆ ತಿಂದವು, ಕೊನೆಗೆ ಅವನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಯಬೇಕಾಯಿತು. ಇವತ್ತಿಗೂ ಆಪರೇಷನ್ ಬೇಕಾಗುವುದು ಬಹಳ ಕಡಿಮೆ ಜನಕ್ಕೆ. ಸಿಕ್ಕಿಕೊಂಡ ಕೀಲು ತಿಂಗಳಾದರೂ ಬಿಡದಿದ್ದರೆ ಸೂಜಿ ಹಾಕಿ ಒಳಗೆ ತೊಳೆಯುತ್ತಾರೆ. ನನಗೆ ಅಲ್ಲಿಯವರೆಗೂ ಬರಲಿಲ್ಲ. ಯಾರು ಏನೇ ಮಾಡಿಸಿ ಅಂದರೂ ಒಂದು ಮಾತು ಕೇಳಿ: "ಬೇಡ ಅನ್ನಿಸಿದರೆ ಇದನ್ನು ವಾಪಸ್ ಮೊದಲಿನ ಹಾಗೆ ಮಾಡಬಹುದಾ?"

ಆದರೆ ಇದೆಲ್ಲ ಅದು ಕೀಲಿನ ನೋವೇ ಆಗಿದ್ದರೆ. ನೀವು ಅಡಿಕೆ, ಗುಟ್ಕಾ ಹಾಕುತ್ತೀರಾ ಅಂತ ಬರೆದಿಲ್ಲ. ಹಾಕುವವರಿಗೆ ಖಾರ ತಿಂದರೆ ಉರಿ ಬಂದು, ಕೆನ್ನೆಯ ಒಳಗೆಲ್ಲ ಬಿಳಿಚಿಕೊಂಡು, ಬಾಯಿ ಸ್ವಲ್ಪ ಸ್ವಲ್ಪವೇ ಚಿಕ್ಕದಾಗುತ್ತಾ ಹೋದರೆ ಅದು ಬೇರೆ ಕಾಯಿಲೆ, ಕ್ಯಾನ್ಸರ್‌ಗೆ ತಿರುಗಬಹುದು. ತಡ ಮಾಡಬೇಡಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ದವಡೆ ನೋವು ಬಂದು, ಕೂತರೆ ಕಡಿಮೆಯಾಗುತ್ತಿದ್ದರೆ ಅದು ಹೃದಯದ್ದಿರಬಹುದು, ಹಲ್ಲಿನ ಡಾಕ್ಟರ ಹತ್ತಿರ ಅಲ್ಲ, ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಿ. 50 ದಾಟಿದವರಿಗೆ ಹೊಸದಾಗಿ ಕಣತಲೆ ನೋವು, ಅಗಿಯುವಾಗ ದವಡೆ ಸೋಲುವುದು, ಕಣ್ಣು ಮಂಜಾಗುವುದು ಇದ್ದರೆ ಅವತ್ತೇ ಆಸ್ಪತ್ರೆ, ದೃಷ್ಟಿ ಹೋಗುವ ಅಪಾಯ ಇದೆ. ಜ್ವರ, ಊತ ಇದ್ದರೂ ಕಾಯಬೇಡಿ.

ನನ್ನ ಬಾಯಿ ಈಗ 42 ಮಿಲಿಮೀಟರ್ ತೆರೆಯುತ್ತದೆ. ಜುಲೈ, ಮಾರ್ಚ್ ಬಂದರೆ ಕೆನ್ನೆ ಬಿಗಿಯುತ್ತದೆ, ಆಗ ಮತ್ತೆ ಬಿಸಿ ಟವೆಲ್. ಟಕ್ ಅನ್ನುವುದು ಒಮ್ಮೊಮ್ಮೆ ಇದ್ದೇ ಇದೆ. ಕಳೆದ ಸಂಕ್ರಾಂತಿಗೆ ಗದ್ದೆಯಿಂದ ಕಬ್ಬಿನ ಜಲ್ಲೆ ಬಂದಾಗ ಅವ್ವ ಎಲ್ಲರಿಗೂ ಉದ್ದುದ್ದ ತುಂಡು ಕೊಟ್ಟು, ಎರಡು ತಟ್ಟೆಗೆ ಮಾತ್ರ ಸಿಪ್ಪೆ ಸುಲಿದು ಬೆರಳುಗುರಿನಷ್ಟು ಸಣ್ಣಗೆ ಹೆಚ್ಚಿ ಇಟ್ಟಳು. ಒಂದು ನನ್ನ ನಾಲ್ಕು ವರ್ಷದ ಮಗಳಿಗೆ, ಇನ್ನೊಂದು ನನಗೆ.