ಎಲ್ಲಾ ಕಡೆ ಆರ್ಮರ್ ಹೇರಿದರೆ ಗನ್ ಎಲ್ಲಿಡುತ್ತೀರಿ?

ನಮಸ್ಕಾರ,

ಆಯುಧ ಹೊತ್ತ ಕಾರುಗಳು ಕಾದಾಡುವ 'ಕಾರ್ ವಾರ್ಸ್' ಆಟದಲ್ಲಿ ಕಾರಿಗೆ ಆರ್ಮರ್ (ಪೆಟ್ಟು ತಡೆಯುವ ಕವಚ) ಆರಿಸುವುದು ಹೇಗೆ ಅಂತ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ. ಆಟ ನಿಮಗೆ ಚೆನ್ನಾಗಿ ಗೊತ್ತು. ಅದು ಬರವಣಿಗೆಯಲ್ಲಿ ಇನ್ನೂ ಇಳಿದಿಲ್ಲ, ಅಷ್ಟೇ.

ರಾಜರ ಕಾಲದ ಕವಚ, ಮಹಾಯುದ್ಧದ ಟ್ಯಾಂಕು ಅಂತ ಶುರುವಿನಲ್ಲಿ ಬರೆದದ್ದನ್ನೆಲ್ಲ ತೆಗೆಯಿರಿ. ಓದುವವನು ಕಾಗದದ ಮೇಲೆ ತನ್ನ ಕಾರು ಕಟ್ಟಲು ಪೆನ್ಸಿಲ್ ಹಿಡಿದು ಕೂತಿದ್ದಾನೆ. ಇದು ಸ್ಟೀವ್ ಜಾಕ್ಸನ್ ಗೇಮ್ಸ್ ಸಂಸ್ಥೆ 1980ರ ದಶಕದ ಆರಂಭದಲ್ಲಿ ತಂದ ಟೇಬಲ್ ಆಟ ಅಂತ ಒಂದು ಸಾಲು ಸಾಕು. ನಿಮ್ಮ ಲೆಕ್ಕವೆಲ್ಲ ಹಳೆಯ ನಿಯಮಗಳದ್ದು, ಅದನ್ನೂ ಹೇಳಿಬಿಡಿ. ನಿಯಮ ಬದಲಾದ ಆರನೇ ಆವೃತ್ತಿ ಆಡುವವರಿಗೆ ಗೊಂದಲ ಆಗಬಾರದು.

ನನ್ನ ದೊಡ್ಡ ತಕರಾರು ಇದು. "ಆರ್ಮರ್ ಜಾಸ್ತಿ ಇದ್ದಷ್ಟೂ ಒಳ್ಳೆಯದು" ಅಂತ ಮತ್ತೆ ಮತ್ತೆ ಬರೆದಿದ್ದೀರಿ. ಅದಕ್ಕೆ ಏನು ಬಿಟ್ಟುಕೊಡಬೇಕು ಅಂತ ಎಲ್ಲೂ ಹೇಳಿಲ್ಲ. ಮಿಡ್‌-ಸೈಜ್ ಕಾರನ್ನೇ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಆರ್ಮರ್‌ನ ಒಂದು ಪಾಯಿಂಟ್‌ಗೆ (ಅದು ಎಷ್ಟು ಹಾನಿ ತಡೆಯುತ್ತದೆ ಅನ್ನುವ ಅಳತೆ) 8 ಪೌಂಡ್ ತೂಕ, ಆಟದ ಹಣದಲ್ಲಿ 16 ಡಾಲರ್ ಬೆಲೆ. ಮುಂದೆ, ಹಿಂದೆ, ಎಡ, ಬಲ, ಮೇಲೆ, ತಳ, ಹೀಗೆ ಆರೂ ಕಡೆ ಹತ್ತತ್ತು ಪಾಯಿಂಟ್ ಸೇರಿಸಿದರೆ 480 ಪೌಂಡ್ ಆಯಿತು. ಆ ಕಾರಿನ ಒಟ್ಟು ತೂಕದ ಮಿತಿಯಾದ 4,800 ಪೌಂಡ್‌ನಲ್ಲಿ ಹತ್ತನೇ ಒಂದು ಪಾಲು ಅದರಲ್ಲೇ ಹೋಯಿತು. ಒಂದು ಮೆಷಿನ್ ಗನ್ 150 ಪೌಂಡ್. ಅಂದರೆ ಮೂರು ಗನ್‌ಗಳಿಗಿಂತ ಹೆಚ್ಚು ತೂಕ! ಈ ಲೆಕ್ಕ ಕಂಡರೆ ಓದುಗ ತಾನೇ ಯೋಚಿಸಲು ಶುರು ಮಾಡುತ್ತಾನೆ, ಅಲ್ವಾ?

ಆಮೇಲೆ ಪೆಟ್ಟು ಬೀಳುವುದನ್ನು ತೋರಿಸಿ. ಮುಂದೆ 20 ಪಾಯಿಂಟ್ ಇದೆ ಅಂದುಕೊಳ್ಳಿ. ಮೆಷಿನ್ ಗನ್ ಒಂದು ಸಲ ತಗುಲಿದರೆ ಒಂದು ದಾಳ ಉರುಳಿಸಿ ಬಂದಷ್ಟು ಹಾನಿ, ಸರಾಸರಿ ಮೂರೂವರೆ. ಸುಮಾರು ಐದು ಏಟು ತಡೆಯಬಹುದು, ಆರನೆಯದಕ್ಕೆ ಆರ್ಮರ್ ಮುಗಿಯುತ್ತದೆ. ಹೆವಿ ರಾಕೆಟ್ ಆದರೆ ಮೂರು ದಾಳ, ಎರಡೇ ಏಟಿಗೆ ಮುಗಿಯಿತು. ಹೋದ ಪಾಯಿಂಟ್ ಆ ಪಂದ್ಯದಲ್ಲಿ ಮತ್ತೆ ಬರುವುದಿಲ್ಲ. ಮುಂದಿನ ಪೆಟ್ಟು ಆ ಕಡೆಯ ಆಯುಧಕ್ಕೆ, ನಂತರ ಒಳಗಿನ ಮೋಟಾರು, ಚಾಲಕರ ಕಡೆಗೆ. ಈಗ ಕಾರು ತಿರುಗಿಸಿ ಇನ್ನೂ ಗಟ್ಟಿ ಇರುವ ಪಕ್ಕವನ್ನು ಒಡ್ಡಬೇಕಾ? ಒಡ್ಡಿದರೆ ಮುಂಭಾಗದ ಗನ್‌ಗೆ ಎದುರಾಳಿ ಸಿಗುವುದಿಲ್ಲ. ಈ ಇಕ್ಕಟ್ಟೇ ನಿಮ್ಮ ಲೇಖನದ ಜೀವ. ನೀವು ಅದನ್ನು ಅರ್ಧ ಸಾಲಿನಲ್ಲಿ ಮುಟ್ಟಿ ಮುಂದೆ ಹೋಗಿದ್ದೀರಿ.

ಆರು ಕಡೆಗೂ ಸಮನಾಗಿ ಹಂಚಿ ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮೇಲಿಂದ ಹೊಡೆಯುವವರೇ ಇಲ್ಲದ ಅರೇನಾದಲ್ಲಿ (ಪಂದ್ಯದ ಅಂಕಣದಲ್ಲಿ) ಟಾಪ್‌ಗೆ ಅಷ್ಟು ಯಾಕೆ? ತಳವನ್ನು ಮಾತ್ರ ಮರೆಯಬೇಡಿ, ನೆಲದ ಮೇಲೆ ಬೀಳಿಸಿದ ಮೈನ್ ಸಿಡಿಯುವುದು ಅಲ್ಲೇ. ಫೈರ್‌ಪ್ರೂಫ್, ಲೇಸರ್ ತಡೆಯುವ ಆರ್ಮರ್‌ಗಳ ಭಾಗ ಚೆನ್ನಾಗಿದೆ, ಹಾಗೇ ಇರಲಿ. "ಅಭೇದ್ಯ", "ವಜ್ರಸಮಾನ" ಪದಗಳನ್ನು ಮಾತ್ರ ಹೊಡೆದುಹಾಕಿ.

ಟೈರ್ ಬಗ್ಗೆ ಕೊನೆಯಲ್ಲಿ ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ನಿಜಕ್ಕೂ ಖುಷಿಯಾಯಿತು. ಸುತ್ತಲೂ ಆರ್ಮರ್ ಸುರಿದು ಸಾಧಾರಣ ಟೈರ್ ಹಾಕಿದ ಕಾರು, ದಾರಿಯಲ್ಲಿ ಚೆಲ್ಲಿದ ಮುಳ್ಳುಗಳ ಮೇಲೆ ಹೋಗಿ ಹಿಡಿತ ತಪ್ಪುವುದು ಕಣ್ಣಿಗೆ ಕಟ್ಟುತ್ತದೆ. ಅದನ್ನೇ ಮೊದಲಿಗೆ ತನ್ನಿ. ಆಮೇಲೆ ಅದೇ ಕಾರನ್ನು ಹಿಡಿದುಕೊಂಡು ತೂಕ, ಬೆಲೆ, ಪ್ರತಿ ಕಡೆಯ ಪಾಯಿಂಟ್ ಎಲ್ಲ ಕೊಡಿ. ಹತ್ತು ಕಾರುಗಳ ಪಟ್ಟಿ ಬೇಡ, ಒಂದೇ ಸಾಕು. ತಿದ್ದಿದ ಪ್ರತಿ ನೇರ ನನಗೇ ಕಳಿಸಿ.