ವನ್ಯಜೀವಿ ಸಾಕ್ಷ್ಯಚಿತ್ರ ಯಾವುದರಿಂದ ಶುರು ಮಾಡಲಿ? 4ಕೆ ಟಿವಿ ಇದ್ದರೂ ಹಕ್ಕಿಗಳ ಹಿಂಡು ಬಂದಾಗ ಚಿತ್ರ ಯಾಕೆ ಕಲಸಿಹೋಗುತ್ತದೆ?

ನೀವು ಕೇಳಿದ್ದು ಎರಡು: ಮೊದಲು ಯಾವುದು ನೋಡಲಿ, ಮತ್ತು ಹಿಂಡು, ಹಿಮ, ನೀರು ಬಂದಾಗಲೇ ಚಿತ್ರ ಯಾಕೆ ಚೌಕಚೌಕವಾಗುತ್ತದೆ. ಎರಡನೆಯದನ್ನು ಮೊದಲು ಹಿಡಿಯುತ್ತೇನೆ. ಅದು ಸರಿಹೋಗದಿದ್ದರೆ ಯಾವ ಸರಣಿ ನೋಡಿದರೂ ಅರ್ಧ ನೋಡಿದ ಹಾಗೆ.

ಸ್ಟ್ರೀಮಿಂಗ್‌ನಲ್ಲಿ ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಕಳಿಸುವುದಿಲ್ಲ, ಹಿಂದಿನದಕ್ಕಿಂತ ಏನು ಬದಲಾಯಿತೋ ಅಷ್ಟನ್ನೇ ಹೆಚ್ಚಾಗಿ ಕಳಿಸುತ್ತಾರೆ. ಇಬ್ಬರು ಕೂತು ಮಾತಾಡುವ ದೃಶ್ಯದಲ್ಲಿ ಗೋಡೆ, ಮೇಜು ಇದ್ದಲ್ಲೇ ಇರುತ್ತವೆ, ಹಾಗಾಗಿ ಕಡಿಮೆ ಡೇಟಾ ಸಾಕು. ಸಾವಿರಾರು ಹಕ್ಕಿಗಳು ಒಟ್ಟಿಗೆ ಹೊರಳಿದರೆ, ಹಿಮ ಸುರಿದರೆ, ಹುಲ್ಲುಗಾವಲಿನ ಮೇಲೆ ಗಾಳಿ ಬೀಸಿದರೆ ಪರದೆಯ ಮೂಲೆಮೂಲೆಯೂ ಒಮ್ಮೆಗೇ ಬದಲಾಗುತ್ತದೆ. ಬಿಟ್‌ರೇಟ್ (ಸೆಕೆಂಡಿಗೆ ಕಳಿಸುವ ಡೇಟಾ) ಸಾಲದೆ ಎನ್‌ಕೋಡರ್ (ಚಿತ್ರವನ್ನು ಕುಗ್ಗಿಸುವ ತಂತ್ರಾಂಶ) ಸೂಕ್ಷ್ಮ ವಿವರವನ್ನು ಕೈಬಿಡುತ್ತದೆ. ನಿಮಗೆ ಕಾಣುವ ಚೌಕಗಳು ಅವೇ. ವನ್ಯಜೀವಿ ಚಿತ್ರಗಳಲ್ಲಿ ಇಂಥ ದೃಶ್ಯಗಳೇ ತುಂಬಿರುವುದರಿಂದ ಸಂಪರ್ಕದಲ್ಲಿ ಸಣ್ಣ ಕೊರತೆಯಿದ್ದರೂ ಇಲ್ಲಿ ಎದ್ದು ಕಾಣುತ್ತದೆ.

ಮೊದಲು ವೇಗ ನೋಡಿ. ನೆಟ್‌ಫ್ಲಿಕ್ಸ್ 4ಕೆಗೆ 15 ಎಂಬಿಪಿಎಸ್, 1080ಪಿಗೆ 5 ಎಂಬಿಪಿಎಸ್ ಇರಲಿ ಎನ್ನುತ್ತದೆ. ಅಳೆಯುವುದನ್ನು ಫೋನಿನಲ್ಲಿ ಮಾಡಬೇಡಿ, ಟಿವಿಯ ಬ್ರೌಸರ್‌ನಲ್ಲೇ ಫಾಸ್ಟ್ ಡಾಟ್ ಕಾಮ್ ತೆರೆದು ಮಾಡಿ. ಫೋನಿಗೆ 80 ಸಿಗುವ ಕಡೆಯಲ್ಲೇ ಗೋಡೆಯ ಮರೆಯಲ್ಲಿರುವ ಟಿವಿಗೆ 12 ಸಿಗಬಹುದು. ಸಾಧ್ಯವಿದ್ದರೆ ಕೇಬಲ್ ಎಳೆಯಿರಿ. ಬಹುತೇಕ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ಗೇ ಸೀಮಿತ, ಆದರೂ ಈ ಕೆಲಸಕ್ಕೆ ಅದು ಧಾರಾಳ. ಆಮೇಲೆ ಪ್ಲಾನ್. 4ಕೆ ಟಿವಿ ಕೊಂಡ ಮಾತ್ರಕ್ಕೆ 4ಕೆ ಬರುವುದಿಲ್ಲ, ಹಲವು ಸೇವೆಗಳಲ್ಲಿ ಅದು ಮೇಲಿನ ದರ್ಜೆಯ ಪ್ಲಾನ್‌ಗೆ ಮಾತ್ರ. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಬಳಕೆ 'ಆಟೋ' ಎಂದಿದ್ದರೆ 'ಹೈ'ಗೆ ಬದಲಿಸಿ. ನೆಟ್‌ಫ್ಲಿಕ್ಸ್‌ನ ಲೆಕ್ಕದಲ್ಲೇ 4ಕೆ ಗಂಟೆಗೆ ಸುಮಾರು 7 ಜಿಬಿ ತಿನ್ನುತ್ತದೆ, ಡೇಟಾಗೆ ಮಿತಿ ಇದ್ದವರು ಗಮನಿಸಿ. ಹೊರಗಿನ ಸ್ಟಿಕ್ ಅಥವಾ ಬಾಕ್ಸ್ ಬಳಸುವವರು ಅದನ್ನು ಎಚ್‌ಡಿಸಿಪಿ 2.2 (ನಕಲು ತಡೆಯುವ ವ್ಯವಸ್ಥೆ) ಇರುವ ಎಚ್‌ಡಿಎಂಐ ಪೋರ್ಟಿಗೇ ಸಿಕ್ಕಿಸಬೇಕು. ಹಳೆಯ ಪೋರ್ಟಾದರೆ ದೋಷ ಏನೆಂದೂ ಹೇಳದೆ ಗುಣಮಟ್ಟ ಇಳಿಯುತ್ತದೆ. ನಕಲು ತಡೆಯುವ ಇನ್ನೊಂದು ವ್ಯವಸ್ಥೆಯಾದ ವೈಡ್‌ವೈನ್‌ನ ಕೆಳದರ್ಜೆ ಎಲ್3 ಮಾತ್ರ ಇರುವ ಅಗ್ಗದ ಬಾಕ್ಸ್‌ಗಳಲ್ಲಿ ಬಹಳಷ್ಟು ಸೇವೆಗಳು 480ಪಿ ದಾಟುವುದೇ ಇಲ್ಲ.

ಇನ್ನೊಂದು ಸೆಟ್ಟಿಂಗ್: ಮೋಷನ್ ಸ್ಮೂದಿಂಗ್. ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್ ಅನ್ನುತ್ತಾರೆ. ಎರಡು ಫ್ರೇಮುಗಳ ನಡುವೆ ಟಿವಿ ತಾನೇ ಊಹಿಸಿದ ಫ್ರೇಮು ತುರುಕುತ್ತದೆ. ಹುಲ್ಲಿನ ಮರೆಯಲ್ಲಿ ಓಡುವ ಚಿರತೆಯ ಕಾಲು ಎಲ್ಲಿದೆ ಎಂಬುದನ್ನು ಅದು ಸರಿಯಾಗಿ ಊಹಿಸಲಾರದು, ಹಾಗಾಗಿ ಕಾಲಿನ ಸುತ್ತ ಕರಗಿದಂಥ ಅಂಚು ಮೂಡುತ್ತದೆ. ಇದನ್ನು ಆಫ್ ಮಾಡಿ, ಫಿಲ್ಮ್‌ಮೇಕರ್ ಮೋಡ್ (ಚಿತ್ರವನ್ನು ತೆಗೆದ ಹಾಗೇ ತೋರಿಸುವ ಆಯ್ಕೆ) ಇದ್ದರೆ ಅದನ್ನೇ ಹಾಕಿ. ಸಮುದ್ರದಾಳದ ನೀಲಿಯಲ್ಲಿ ಪಟ್ಟೆಪಟ್ಟೆ ಕಂಡರೆ ಬಣ್ಣದ ಛಾಯೆಗಳು ಕಡಿಮೆಯಿರುವ 8 ಬಿಟ್ ಸಂಕೇತ ಬರುತ್ತಿರುವ ಸಾಧ್ಯತೆ ಇದೆ. ಸ್ಟಿಕ್ ಅಥವಾ ಬಾಕ್ಸ್ ಸಿಕ್ಕಿಸಿದ ಎಚ್‌ಡಿಎಂಐ ಪೋರ್ಟಿಗೆ ಟಿವಿಯಲ್ಲಿ ಎನ್‌ಹ್ಯಾನ್ಸ್ಡ್ ಅಥವಾ ಡೀಪ್ ಕಲರ್ ಆಯ್ಕೆ ಚಾಲೂ ಮಾಡಿ.

ಈಗ ಏನು ನೋಡಬೇಕು ಅನ್ನುವುದು. ಹೊಸಬರಿಗೆ ನಾನು ಹೇಳುವುದು ಬಿಬಿಸಿಯ 'ಡೈನಾಸ್ಟೀಸ್' (2018). ಐದು ಕಂತು, ಕಂತಿಗೊಂದೇ ಪ್ರಾಣಿ: ಚಿಂಪಾಂಜಿ, ಎಂಪರರ್ ಪೆಂಗ್ವಿನ್, ಸಿಂಹ, ಆಫ್ರಿಕದ ಕಾಡುನಾಯಿ, ಹುಲಿ. ಇಪ್ಪತ್ತು ಜೀವಿಗಳನ್ನು ಒಂದೇ ಗಂಟೆಯಲ್ಲಿ ತೋರಿಸುವ ಸರಣಿಗಳಲ್ಲಿ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಇಲ್ಲಿ ಒಂದೊಂದು ಮುಖವೂ ಗುರುತು ಸಿಗುತ್ತದೆ. ಪೆಂಗ್ವಿನ್ ಕಂತಿನಲ್ಲಿ ಮರಿಗಳ ಸಮೇತ ತಾಯಂದಿರು ಹಿಮದ ಕಂದರದಲ್ಲಿ ಸಿಕ್ಕಿಕೊಳ್ಳುತ್ತವೆ. ಪ್ರಕೃತಿಗೆ ಕೈಹಾಕಬಾರದೆಂಬ ರೂಢಿಯನ್ನು ಮುರಿದು ಚಿತ್ರತಂಡ ಹಿಮದಲ್ಲಿ ಇಳಿಜಾರು ಕಡಿದುಕೊಟ್ಟಿತು. ಅದು ಸರಿಯೇ ಎಂಬ ಚರ್ಚೆ ಆಗ ಬಹಳ ನಡೆಯಿತು. ಸರಿ ಎಂದೇ ನನ್ನ ಅಭಿಪ್ರಾಯ. ಅದರಿಂದ ಬೇರೆ ಯಾವ ಪ್ರಾಣಿಯ ಬಾಯಿಯ ತುತ್ತೂ ತಪ್ಪಲಿಲ್ಲ.

ಅದಾದ ಮೇಲೆ 'ಪ್ಲಾನೆಟ್ ಅರ್ಥ್ 2' (2016, ಆರು ಕಂತು). ಮೊದಲ ಕಂತಿನಲ್ಲಿ ಗಲಾಪಗೋಸ್‌ನ ಇಗ್ವಾನಾ ಮರಿ ಹಾವುಗಳಿಂದ ತಪ್ಪಿಸಿಕೊಂಡು ಓಡುವ ದೃಶ್ಯವನ್ನು ಎರಡು ಸಲ ನೋಡಿ. ಮೊದಲ ಸಲ ಸುಮ್ಮನೆ. ಎರಡನೆಯ ಸಲ ಕ್ಯಾಮೆರಾ ಎಲ್ಲೆಲ್ಲಿ ಇರಬೇಕಿತ್ತು ಎಂದು ಎಣಿಸುತ್ತಾ. ಅದು ಒಂದೇ ಮರಿಯ ಓಟವಲ್ಲ, ಬೇರೆ ಮರಿಗಳ ತುಣುಕುಗಳನ್ನೂ ಜೋಡಿಸಿದ್ದೇವೆ ಎಂದು ನಿರ್ಮಾಪಕಿಯೇ ಹೇಳಿದ್ದಾರೆ. ಶಬ್ದದ ಕಥೆಯೂ ಅದೇ. ನೂರಾರು ಮೀಟರ್ ದೂರದಿಂದ ಟೆಲಿಫೋಟೋ ಲೆನ್ಸ್ ಚಿತ್ರವನ್ನು ಹತ್ತಿರ ತರಬಲ್ಲದು, ಹೆಜ್ಜೆಯ ಸಪ್ಪಳವನ್ನು ತರಲಾರದು. ಹಿಮದ ಮೇಲಿನ ಹೆಜ್ಜೆಗೆ ಸ್ಟುಡಿಯೋದಲ್ಲಿ ಕಾರ್ನ್‌ಫ್ಲೋರ್ ತುಂಬಿದ ಚೀಲ ಹಿಸುಕುವುದು ಹಳೆಯ ಪದ್ಧತಿ.

ಇದನ್ನೆಲ್ಲ ನಾನು ಮೋಸ ಅನ್ನುವುದಿಲ್ಲ, ಆದರೆ ಗೆರೆ ಒಂದಿದೆ. 1958ರ 'ವೈಟ್ ವೈಲ್ಡರ್‌ನೆಸ್'ನಲ್ಲಿ ಲೆಮಿಂಗ್‌ಗಳು (ಇಲಿಯಂಥ ಪುಟ್ಟ ಪ್ರಾಣಿಗಳು) ತಾವಾಗಿ ಬಂಡೆಯಿಂದ ಧುಮುಕುವಂತೆ ತೋರಿಸಿದರು. ನಿಜದಲ್ಲಿ ಅವನ್ನು ಹೊರಗಿನಿಂದ ತಂದು ಅಂಚಿನಿಂದ ತಳ್ಳಿದ್ದರು. ಅದು ಅಪ್ಪಟ ಸುಳ್ಳು. 'ಫ್ರೋಜನ್ ಪ್ಲಾನೆಟ್' (2011) ಹಿಮಕರಡಿ ಮರಿಗಳ ದೃಶ್ಯವನ್ನು ನೆದರ್ಲೆಂಡ್ಸ್‌ನ ಮೃಗಾಲಯದಲ್ಲಿ ಚಿತ್ರೀಕರಿಸಿ ಕಾಡಿನ ದೃಶ್ಯಗಳ ನಡುವೆ ಸೇರಿಸಿತ್ತು. ಕಾಡಿನ ಗುಹೆಗೆ ಕ್ಯಾಮೆರಾ ಇಟ್ಟರೆ ತಾಯಿ ಮರಿಗಳನ್ನು ಕೊಲ್ಲುವ ಅಪಾಯವಿತ್ತು ಎಂಬ ಕಾರಣ ಒಪ್ಪುವಂಥದ್ದೇ. ಆದರೆ ಅದನ್ನು ನಿರೂಪಣೆಯಲ್ಲೇ ಒಂದು ವಾಕ್ಯದಲ್ಲಿ ಹೇಳಬೇಕಿತ್ತು.

ನಿರೂಪಕರ ಮಾತು ಸಾಕೆನಿಸಿದಾಗ 'ಹನಿಲ್ಯಾಂಡ್' (2019) ನೋಡಿ. ಉತ್ತರ ಮ್ಯಾಸಿಡೋನಿಯಾದ ಜೇನುಸಾಕಣೆಯ ಹೆಂಗಸೊಬ್ಬಳನ್ನು ಮೂರು ವರ್ಷ ಹಿಂಬಾಲಿಸಿದ ಚಿತ್ರ, ಹಿನ್ನೆಲೆಯಲ್ಲಿ ವಿವರಣೆಯ ಒಂದು ಮಾತೂ ಇಲ್ಲ. 'ನೈಟ್ ಆನ್ ಅರ್ಥ್' (2020) ಕತ್ತಲೆಯದ್ದು, ಹಗಲಲ್ಲಿ ಕಿಟಕಿ ತೆರೆದಿಟ್ಟು ನೋಡಿದರೆ ಏನೂ ಕಾಣದು.

ಬಿಬಿಸಿ ಸರಣಿಗಳು ದೇಶಕ್ಕೊಂದು ಸೇವೆಯಲ್ಲಿರುತ್ತವೆ, ಯಾವುದು ಎಲ್ಲಿ ಸಿಗುತ್ತದೆಂದು ಹೇಳುವ ಜಸ್ಟ್‌ವಾಚ್ ತಾಣದಲ್ಲಿ ಹೆಸರು ಹಾಕಿ ಹುಡುಕಿ. ಜೊತೆಗೆ ನಿಮ್ಮ ಪ್ರೊಫೈಲ್‌ನ ಸೆಟ್ಟಿಂಗ್ಸ್‌ನಲ್ಲಿ ಮುಂದಿನ ಕಂತು ತಾನಾಗಿ ಶುರುವಾಗುವುದನ್ನು ನಿಲ್ಲಿಸಿಬಿಡಿ. ಕೊನೆಯ ಹೆಸರುಪಟ್ಟಿಯಲ್ಲಿ ಅಕ್ವೇರಿಯಂಗೋ ಸಂಶೋಧನಾ ಕೇಂದ್ರಕ್ಕೋ ಧನ್ಯವಾದ ಹೇಳಿದ್ದರೆ ಕೆಲವು ಹತ್ತಿರದ ದೃಶ್ಯಗಳನ್ನು ಅಲ್ಲಿ ತೆಗೆದಿರಬಹುದು, ಮತ್ತು ಆ ಪಟ್ಟಿ ಓದಲು ಕೌಂಟ್‌ಡೌನ್ ಕೊಡುವ ಕೆಲವು ಸೆಕೆಂಡು ಸಾಲದು.